ರೊಟ್ಟಿ-ಚಟ್ನಿಯ ಜಾಹೀರಾತು ಎಲ್ಲರಿಗೂ ಹಾಕಬೇಕಾ, ಆರಿಸಿದವರಿಗೆ ಮಾತ್ರ ಸಾಕಾ?

ಪ್ರಶ್ನೆ (ಹುಬ್ಬಳ್ಳಿ): ನಮಸ್ಕಾರ ಸರ್. ಕೇಶ್ವಾಪುರದಲ್ಲಿ ನಾವು ಆರು ಮಂದಿ ಹೆಣ್ಣುಮಕ್ಕಳು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಮಾರುತ್ತೇವೆ. ಜಾಹೀರಾತಿಗೆ ತಿಂಗಳಿಗೆ 15,000 ರೂಪಾಯಿ ಇಡುತ್ತೇವೆ. ಎಲ್ಲರಿಗೂ ತೋರಿಸುವ ಕಾಲ ಮುಗಿಯಿತು ಎಂದು ಒಬ್ಬರು ಹೇಳಿದರು. ಅದಕ್ಕೆ ಫೇಸ್‌ಬುಕ್‌ನಲ್ಲಿ ವಿದ್ಯಾನಗರದ, 25ರಿಂದ 40 ವಯಸ್ಸಿನ, ಕೆಲಸಕ್ಕೆ ಹೋಗುವ ಹೆಂಗಸರಿಗೆ ಮಾತ್ರ ಹಾಕಿದೆವು. ಎರಡು ತಿಂಗಳು ವ್ಯಾಪಾರ ಏರಿತು. ಆಮೇಲೆ ನಿಂತಲ್ಲೇ ನಿಂತಿದೆ. ಏನು ಮಾಡೋಣ?

ಉತ್ತರ: ಅಕ್ಕಾರ, ಚಟ್ನಿಯಲ್ಲಿ ತಪ್ಪು ಹುಡುಕಬೇಡಿ. ಅದೇ ಸಣ್ಣ ಗುಂಪು ಅದೇ ಜಾಹೀರಾತನ್ನು ಮತ್ತೆ ಮತ್ತೆ ನೋಡುತ್ತಿದೆ. ಕೊಳ್ಳುವವರು ಕೊಂಡಾಗಿದೆ.

ರೊಟ್ಟಿ ತಿನ್ನೋದಕ್ಕೆ ವಯಸ್ಸು, ನೌಕರಿ ನೋಡಬೇಕಾ? ನಮ್ಮ ಅವಳಿ ನಗರದಲ್ಲಿ 2011ರ ಜನಗಣತಿಯಲ್ಲೇ ಸುಮಾರು 9.4 ಲಕ್ಷ ಜನ ಇದ್ದರು. ಸಂಜೆ ಮನೆಗೆ ಹೋಗುವಾಗ ಕಿರಾಣಿ ಅಂಗಡಿಗೆ ಹೋಗುವ ಗಂಡಸರು, ಧಾರವಾಡದ ಹಾಸ್ಟೆಲ್ ಹುಡುಗರು, ಬೆಂಗಳೂರಿನ ಮೊಮ್ಮಗನಿಗೆ ಬುತ್ತಿ ಕಟ್ಟಿ ಕಳಿಸುವ ಅಜ್ಜಿ, ಇವರಲ್ಲಿ ಒಬ್ಬರಿಗೂ ನಿಮ್ಮ ಹೆಸರು ಮುಟ್ಟಿಲ್ಲ ನೋಡಿ.

ಮಾರುಕಟ್ಟೆಯನ್ನು ಗುಂಪು ಗುಂಪಾಗಿ ನೋಡಬೇಕು ಎಂದು ಅಮೆರಿಕದ ಮಾರುಕಟ್ಟೆ ತಜ್ಞ ವೆಂಡೆಲ್ ಸ್ಮಿತ್ 1956ರಲ್ಲೇ ಬರೆದರು. ಒಳ್ಳೆಯ ವಿಚಾರವೇ. ಆದರೆ ಅತಿಯಾದರೆ ದೊಡ್ಡ ಕಂಪನಿಯೂ ಎಡವುತ್ತದೆ. ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನವರು ಫೆಬ್ರೀಜ್ ಎಂಬ ವಾಸನೆ ಕಳೆಯುವ ಸ್ಪ್ರೇಯನ್ನು ಫೇಸ್‌ಬುಕ್‌ನಲ್ಲಿ ನಾಯಿ-ಬೆಕ್ಕು ಸಾಕಿದವರಿಗೆ, ದೊಡ್ಡ ಕುಟುಂಬದವರಿಗೆ ಮಾತ್ರ ತೋರಿಸಿದರು. ಮಾರಾಟ ಏಳಲಿಲ್ಲ. 18 ದಾಟಿದ ಎಲ್ಲರಿಗೂ ತೋರಿಸಿದಾಗ ಏರಿತು. ಗುಂಪು ತೀರಾ ಸಣ್ಣದಾಯಿತು ಎಂದು 2016ರಲ್ಲಿ ಅವರೇ ಒಪ್ಪಿಕೊಂಡರು.

ಆಂಡ್ರ್ಯೂ ಎರೆನ್‌ಬರ್ಗ್ ಎಂಬ ಸಂಶೋಧಕರು ಜನ ಏನು ಕೊಳ್ಳುತ್ತಾರೆ, ಎಷ್ಟು ಸಲ ಕೊಳ್ಳುತ್ತಾರೆ ಎಂಬ ಲೆಕ್ಕವನ್ನು ದಶಕಗಟ್ಟಲೆ ನೋಡಿದರು. ದಿನಬಳಕೆಯ ಮಾಲಿನಲ್ಲಿ ಯಾವಾಗಲೋ ಒಮ್ಮೆ ಕೊಳ್ಳುವವರೇ ಜಾಸ್ತಿ. ದೊಡ್ಡ ಬ್ರಾಂಡಿಗೆ ಗಿರಾಕಿಗಳ ಸಂಖ್ಯೆ ದೊಡ್ಡದು, ಒಬ್ಬೊಬ್ಬರು ಕೊಳ್ಳುವುದು ಸ್ವಲ್ಪವೇ ಜಾಸ್ತಿ. ನನ್ನ ಕೆಲಸದಲ್ಲೂ ಇದನ್ನೇ ಕಂಡಿದ್ದೇನೆ. ಖಾಯಂ ಗಿರಾಕಿಗೆ ಇನ್ನೆಷ್ಟು ರೊಟ್ಟಿ ತಿನ್ನಿಸುತ್ತೀರಿ? ಹೊಸ ಮನೆ ಮುಟ್ಟಬೇಕು.

ಮೊದಲು ಅಂಗಡಿ ನೋಡಿ. ದುರ್ಗದಬೈಲಿನಿಂದ ನವನಗರದವರೆಗೆ ಕಿರಾಣಿ ಅಂಗಡಿಗಳಲ್ಲಿ 20 ರೂಪಾಯಿಯ ಪ್ಯಾಕೆಟ್ ನೇತಾಡಲಿ. ಜಾಹೀರಾತು ನೋಡಿ ಬಂದವರಿಗೆ ಮಾಲು ಸಿಗದಿದ್ದರೆ ದುಡ್ಡು ಸುಮ್ನೆ ಹೋಗುತ್ತದೆ. ಆಮೇಲೆ ಫೇಸ್‌ಬುಕ್‌ನಲ್ಲಿ ಹುಬ್ಬಳ್ಳಿ-ಧಾರವಾಡ ಪೂರ್ತಿ, 18 ದಾಟಿದ ಎಲ್ಲರಿಗೂ ಹಾಕಿ. ಉಳಿದ ದುಡ್ಡಲ್ಲಿ ಅಂಗಡಿ ಬೋರ್ಡ್, ಗೋಡೆ ಬರಹ. ಎಲ್ಲ ಕಡೆ ಒಂದೇ ಹೆಸರು, ಒಂದೇ ಬಣ್ಣ ಇರಲಿ. ಆರು ತಿಂಗಳು ಬದಲಾಯಿಸಬೇಡಿ.

ಪ್ರಶ್ನೆ (ಅದೇ ಅಕ್ಕ): ಬೆಂಗಳೂರಿನಿಂದಲೂ ಆಗಾಗ ಆರ್ಡರ್ ಬರುತ್ತವೆ ಸರ್. ಅಲ್ಲೂ ಎಲ್ಲರಿಗೂ ಹಾಕಬೇಕಾ?

ಉತ್ತರ: ಬೇಡ. ಅಲ್ಲಿ ನಿಮ್ಮ ಮಾಲು ಅಂಗಡಿಯಲ್ಲಿಲ್ಲ, ಕೊರಿಯರ್‌ನಲ್ಲಿ ಹೋಗಬೇಕು. ಜೋಳದ ರೊಟ್ಟಿಗೆ ಹಂಬಲಿಸುವ ನಮ್ಮ ಕಡೆಯವರನ್ನೇ ಹುಡುಕಿ. ಅಲ್ಲಿ ಗುಂಪು ಆರಿಸುವುದೇ ಸರಿ.

ಪ್ರಶ್ನೆ (ಗದಗ): ನನ್ನದು ರೋಟವೇಟರ್ ಬ್ಲೇಡ್ ಅಂಗಡಿ. ನಾನೂ ಗೋಡೆ ಬರೆಸಲಾ?

ಉತ್ತರ: ನಿಮಗೆ ಬೇಡ ಅಣ್ಣಾರ. ಟ್ರ್ಯಾಕ್ಟರ್ ಇದ್ದವರಿಗೆ ಮಾತ್ರ ಬೇಕಾದ ಮಾಲು ಅದು. ಊರೂರಿನ ಗ್ಯಾರೇಜಿನವರ ಪಟ್ಟಿ ಮಾಡಿ, ಮುಂಗಾರಿಗೆ ಒಂದು ತಿಂಗಳು ಮುಂಚೆ ಹೋಗಿ ಮಾತಾಡಿಸಿಕೊಂಡು ಬನ್ನಿ.