ನಿಸಾನ್‌ಗೆ ಹೊಸ ಮುಖ್ಯಸ್ಥ ಬಂದರೆ ಸಾಕಾ?

ದಾವಣಗೆರೆ ಹುಡುಗ:
ನಿಸಾನ್ ಮ್ಯಾಗ್ನೈಟ್ ಕಾರು ತಗೊಳ್ಳೋಣ ಅಂತಿದ್ದೇನೆ. ಅಪ್ಪ ಮಾತ್ರ "ಮುಳುಗ್ತಿರೋ ಕಂಪನಿ ಗಾಡಿ ಯಾಕೋ?" ಅಂತಾರೆ. 2025ರ ಏಪ್ರಿಲ್ 1ರಂದು ನಿಸಾನ್ ಮುಖ್ಯಸ್ಥ ಮಕೋಟೊ ಉಚಿದಾ ಜಾಗಕ್ಕೆ ಇವಾನ್ ಎಸ್ಪಿನೋಸಾ ಬಂದರಲ್ಲ, 1999ರಲ್ಲಿ ಕಾರ್ಲೋಸ್ ಘೋನ್ ಮಾಡಿದ ಹಾಗೆ ಇವರೂ ಎತ್ತಿ ನಿಲ್ಲಿಸ್ತಾರಾ?

ಪೀಣ್ಯದವನು:
ಪೀಣ್ಯದಲ್ಲಿ ಕಾರಿನ ಬ್ರಾಕೆಟ್ ಒತ್ತುವ ಶಾಪ್‌ನಲ್ಲಿ ವರ್ಷಗಟ್ಟಲೆ ಇದ್ದವನು ನಾನು. ಕಾರ್ ಕಂಪನಿಗೆ ಯಾರು ಮುಖ್ಯಸ್ಥರಾದರು ಅಂತ ನಾವು ತಲೆ ಕೆಡಿಸಿಕೊಂಡವರಲ್ಲ. ತಿಂಗಳ ಶೆಡ್ಯೂಲ್ ಎಷ್ಟು, ಹೊಸ ಮಾಡೆಲ್‌ಗೆ ಡೈ (ಪಾರ್ಟ್ಸ್ ಒತ್ತುವ ಅಚ್ಚು) ಆರ್ಡರ್ ಬಂತಾ, ಇಷ್ಟೇ ನೋಡುತ್ತಿದ್ದುದು.

ಘೋನ್ ಕಾಲಕ್ಕೆ ಫ್ರಾನ್ಸಿನ ಕಾರ್ ಕಂಪನಿ ರೆನೋ ದುಡ್ಡು ಹಾಕಿತ್ತು. ಘೋನ್ 5 ಕಾರ್ಖಾನೆ ಮುಚ್ಚಿ, 21,000 ಕೆಲಸ ಕಡಿತ ಮಾಡಿ, ಪಾರ್ಟ್ಸ್ ಕೊಡುವವರ ರೇಟು ಹಿಂಡಿದರು. ಆಗಿನದು ಬೊಜ್ಜು, ಕರಗಿಸಿದರು. ಈಗಿನ ಕಾಯಿಲೆ ಬೇರೆ. ಅಮೆರಿಕದಲ್ಲಿ ಜನ ಹೈಬ್ರಿಡ್‌ಗೆ ಮುಗಿಬಿದ್ದಾಗ ಇವರ ಶೋರೂಮ್‌ನಲ್ಲಿ ಹೈಬ್ರಿಡ್ಡೇ ಇರಲಿಲ್ಲ. ಜಪಾನ್‌ನಲ್ಲಿ 2016ರಿಂದಲೇ ಇ-ಪವರ್ ಅನ್ನೋ ತಮ್ಮದೇ ಹೈಬ್ರಿಡ್ ಮಾರುತ್ತಿದ್ದರು, ಅಮೆರಿಕಕ್ಕೆ ಒಯ್ಯಲಿಲ್ಲ! ಇದ್ದ ಗಾಡಿಗಳನ್ನೇ ಡಿಸ್ಕೌಂಟ್ ಕೊಟ್ಟು ಸಾಗಹಾಕಿದರು. 2010ರಲ್ಲೇ ಲೀಫ್ ಅನ್ನೋ ಎಲೆಕ್ಟ್ರಿಕ್ ಕಾರು ತಂದವರು ಇವರು, ಹೊಟ್ಟೆ ಉರಿಯುತ್ತೆ.

ಎಸ್ಪಿನೋಸಾ ಮೆಕ್ಸಿಕೋದವರು. 2003ರಿಂದ ನಿಸಾನ್‌ನಲ್ಲೇ ಇದ್ದಾರೆ, ಮಾಡೆಲ್ ಪ್ಲಾನಿಂಗ್ ಕಡೆಯಿಂದ ಮೇಲೆ ಬಂದವರು. ಗಾಡಿ ಅಂದ್ರೆ ಏನು ಅಂತ ಗೊತ್ತಿರುವ ಮನುಷ್ಯ. ಆದರೆ ಈಗ ಓಡದ ಮಾಡೆಲ್‌ಗಳಲ್ಲೂ ಅವರ ಕೈ ಇತ್ತಲ್ವಾ?

ಸುಮ್ನೆ ಓದೋನು:
ಹೋಂಡಾ ಜೊತೆ ಸೇರಿದ್ರೆ ಇಷ್ಟೆಲ್ಲಾ ಇರ್ತಿರಲಿಲ್ಲ.

ಪೀಣ್ಯದವನು:
ಸಮಾನವಾಗಿ ಸೇರೋಣ ಅಂತ 2024ರ ಡಿಸೆಂಬರ್‌ನಲ್ಲಿ ಶುರುವಾದ ಮಾತು. ಆಮೇಲೆ ಹೋಂಡಾ "ನಮ್ಮ ಕೈಕೆಳಗೆ ಬನ್ನಿ" ಅಂದಿತು. ಇವರು ಒಪ್ಪಲಿಲ್ಲ. 2025ರ ಫೆಬ್ರವರಿ 13ಕ್ಕೆ ಮಾತುಕತೆ ಮುರಿಯಿತು, ಮುಂದಿನ ತಿಂಗಳೇ ಉಚಿದಾ ಹೋಗುವುದು ಖಾತ್ರಿಯಾಯಿತು.

ಹೊಸಬರು ಕುರ್ಚಿಯಲ್ಲಿ ಕೂತ ಮೇಲೆ ಬಂದ ಲೆಕ್ಕ ನೋಡಿ: 2025ರ ಮಾರ್ಚ್‌ಗೆ ಮುಗಿದ ವರ್ಷದ ನಷ್ಟ ಸುಮಾರು 67,000 ಕೋಟಿ ಯೆನ್. ಮೇ ತಿಂಗಳಲ್ಲಿ ಹೇಳಿದ್ದು 20,000 ಕೆಲಸ ಕಡಿತ, 17 ಕಾರ್ಖಾನೆ 10ಕ್ಕೆ ಇಳಿಕೆ. ಆಮೇಲೆ ಜಪಾನ್‌ನ ಒಪ್ಪಾಮಾದ ಹೆಸರೂ ಬಂತು. 1961ರಿಂದ ನಡೆಯುತ್ತಿರುವ, ಲೀಫ್ ಕಟ್ಟಿದ ಕಾರ್ಖಾನೆ ಅದು. 2028ರ ಮಾರ್ಚ್ ಹೊತ್ತಿಗೆ ಅಲ್ಲಿ ಗಾಡಿ ಕಟ್ಟುವುದು ನಿಲ್ಲುತ್ತೆ, ಕೆಲಸ ಕ್ಯೂಶೂ ಕಾರ್ಖಾನೆಗೆ ಹೋಗುತ್ತೆ. ಮುಚ್ಚುವುದು ಯಾರು ಬಂದರೂ ಮಾಡುತ್ತಾರೆ. ನಾನು ಕಾಯುತ್ತಿರುವುದು ಡೈ ಆರ್ಡರ್‌ಗೆ.

ಶಿರಸಿ ರಸ್ತೆ:
ನಮ್ಮ ಹುಡುಗನ ಪ್ರಶ್ನೆ ಮರೆತೇಬಿಟ್ರಲ್ಲ! ಚೆನ್ನೈ ಹತ್ತಿರದ ಒರಗಡಂ ಕಾರ್ಖಾನೆಯ ತನ್ನ 51% ಪಾಲನ್ನು ರೆನೋಗೆ ಮಾರಲು ನಿಸಾನ್ 2025ರಲ್ಲಿ ಒಪ್ಪಿತು. ಮ್ಯಾಗ್ನೈಟ್ ಮಾತ್ರ ಅಲ್ಲೇ ತಯಾರಾಗುತ್ತೆ ಅಂದಿದ್ದಾರೆ. ಟೆಕ್ಟಾನ್ ಅನ್ನೋ ಹೊಸ ಎಸ್‌ಯುವಿಯ ಹೆಸರನ್ನೂ ಹೇಳಿದ್ದಾರೆ. ಅಂಗಡಿ ಮುಚ್ಚುವವರು ಹೀಗೆ ಮಾಡಲ್ಲ.

ದಾವಣಗೆರೆ ಹುಡುಗ:
ಥ್ಯಾಂಕ್ಸ್ ಅಣ್ಣ. ಅಪ್ಪನಿಗೆ ಒರಗಡಂ ವಿಷಯ ಹೇಳಿದೆ. "ಆಗಲಿ, ಆದ್ರೆ ಬಂಪರ್ ಒಡೆದ್ರೆ ಎಷ್ಟು ದಿನಕ್ಕೆ ಸಿಗುತ್ತೆ ಅಂತ ಸರ್ವಿಸ್ ಸೆಂಟರ್‌ನಲ್ಲಿ ಕೇಳ್ಕೊಂಡು ಬಾ" ಅಂದರು. ನಾಳೆ ಹೋಗ್ತೀನಿ.