ಪದಚರ್ಚೆ: ‘ಮ್ಯಾನರ್ ಹೌಸ್’ಗೆ ಬೀಡು ಅನ್ನಬಹುದೇ?

ಗೆಳೆಯರೇ,

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿರುವ ಹ್ಯಾಡನ್ ಹಾಲ್ ಬಗ್ಗೆ ಒಂದು ಪ್ರವಾಸ ಬರಹ ಬರೆಯುತ್ತಿದ್ದೇನೆ. ‘ಮ್ಯಾನರ್ ಹೌಸ್’, ಅಂದರೆ ಜಮೀನ್ದಾರರ ದೊಡ್ಡಮನೆ, ಅನ್ನುವ ಮಾತಿಗೆ ಬಂದು ನಿಂತಿದ್ದೇನೆ. ಅರಮನೆ, ಮಹಲು, ಬಂಗಲೆ ಯಾವುದೂ ಒಗ್ಗುತ್ತಿಲ್ಲ.

ಅರಮನೆ ಅಂದರೆ ಅರಸನ ಮನೆ. ಕೆಲವೇ ಮೈಲಿ ದೂರದ ಚಾಟ್ಸ್‌ವರ್ತ್‌ಗೆ ಅದು ಹೇಗೋ ಸಲ್ಲುತ್ತದೆ. ಡ್ಯೂಕ್ ಮನೆತನದ ಆ ಕಟ್ಟಡಕ್ಕೆ ಅಷ್ಟು ಠೀವಿ ಇದೆ. ಹ್ಯಾಡನ್ ಬೇರೆ ಥರ. ಕಲ್ಲು ಹಾಸಿದ ಅಂಗಳ, 14ನೇ ಶತಮಾನದ ಊಟದ ಹಜಾರ, ಹಳೇ ಅಡುಗೆಮನೆ, ಗೋಡೆಚಿತ್ರಗಳಿರುವ ಪುಟ್ಟ ಚಾಪೆಲ್ (ಪ್ರಾರ್ಥನಾ ಮಂದಿರ). ಈ ಮನೆಯ ಮಗಳು ಡೊರೊತಿ ವರ್ನನ್ 1563ರಲ್ಲಿ ಜಾನ್ ಮ್ಯಾನರ್ಸ್‌ನನ್ನು ಮದುವೆಯಾದ ಮೇಲೆ ಮನೆ ಅವನ ಕುಟುಂಬಕ್ಕೆ ಬಂತು, ಈಗಲೂ ಅವರದ್ದೇ. 18ನೇ ಶತಮಾನದಿಂದ ಸುಮಾರು 200 ವರ್ಷ ಕುಟುಂಬದವರು ಇಲ್ಲಿ ವಾಸವಿರಲಿಲ್ಲ. ಹಾಗಾಗಿ ಹೊಸ ಫ್ಯಾಷನ್ ಅಂತ ಒಡೆದು ಕಟ್ಟುವವರೂ ಇರಲಿಲ್ಲ. ಅದೇ ಮನೆಯ ಪುಣ್ಯ. 1920ರ ದಶಕದಲ್ಲಿ ಇದೇ ಕುಟುಂಬದ ರಟ್ಲಂಡ್‌ನ 9ನೇ ಡ್ಯೂಕ್ ಜೋಪಾನವಾಗಿ ದುರಸ್ತಿ ಮಾಡಿಸಿದರು.

ಇನ್ನೊಂದು ವಿಷಯ. ಮ್ಯಾನರ್ ಅಂದರೆ ಬರೀ ಕಟ್ಟಡವಲ್ಲ. ಸುತ್ತಲಿನ ಜಮೀನು, ಒಕ್ಕಲುಗಳು, ಗೇಣಿ, ಊರ ಜಗಳ ತೀರಿಸುವ ಮನೆಯದೇ ಕೋರ್ಟು, ಎಲ್ಲ ಸೇರಿಯೇ ಮ್ಯಾನರ್. ಈ ಅರ್ಥ ‘ಬಂಗಲೆ’ಯಲ್ಲಿ ಸ್ವಲ್ಪವೂ ಇಲ್ಲ, ಅಲ್ವಾ?

ನಮ್ಮಲ್ಲಿ ಇದಕ್ಕೆ ಹತ್ತಿರದವು ಇವೆ. ಉತ್ತರ ಕರ್ನಾಟಕದ ದೇಸಾಯರ ವಾಡೆ, ಕೊಡಗಿನ ಐನ್‌ಮನೆ, ತುಳುನಾಡಿನ ಗುತ್ತು ಮತ್ತು ಬೀಡು. ಐನ್‌ಮನೆ ಒಂದು ಒಕ್ಕದ, ಅಂದರೆ ಒಂದೇ ಕುಲದವರ, ಮೂಲಮನೆ. ಅಲ್ಲಿ ಗಟ್ಟಿಯಾಗಿರುವುದು ರಕ್ತಸಂಬಂಧ, ಜಮೀನ್ದಾರಿಕೆಯಲ್ಲ. ವಾಡೆ ಚೆನ್ನಾಗಿಯೇ ಹೊಂದುತ್ತದೆ, ಆದರೆ ಮೈಸೂರು ಕಡೆಯವರಿಗೆ ಬಳಕೆಯಿಲ್ಲ. ಗುತ್ತಿನ ಮನೆಗೆ ಜಮೀನು, ಒಕ್ಕಲು, ಪಂಚಾಯ್ತಿಕೆ ಎಲ್ಲ ಇತ್ತು. ನೇಮದ, ಅಂದರೆ ದೈವಾರಾಧನೆಯ, ಜವಾಬ್ದಾರಿಯೂ ಅವರದ್ದೇ. ಆದರೆ ದೈವವಿಲ್ಲದ ಮನೆಯನ್ನು ಗುತ್ತು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಹಾಗಾಗಿ ನನ್ನ ಒಲವು ‘ಬೀಡು’ ಕಡೆಗೆ. ತುಳುನಾಡಿನ ಹಳೇ ಸ್ಥಳೀಯ ಒಡೆಯರಾದ ಬಲ್ಲಾಳರ ಮನೆಗಳಿಗೆ ಈ ಹೆಸರಿದೆ. ಧರ್ಮಸ್ಥಳದ ಹೆಗ್ಗಡೆಯವರ ಮನೆಯನ್ನೂ ಬೀಡು ಅಂತಲೇ ಕರೆಯುತ್ತಾರೆ. ನಮ್ಮ ಶಾಸನಗಳಲ್ಲಿ ರಾಜರು ‘ನೆಲೆವೀಡಿನೊಳ್’ (ನೆಲೆಯ ಬೀಡಿನಲ್ಲಿ) ಸುಖದಿಂದ ಆಳುತ್ತಿದ್ದರು ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. ಬೀಡಿನ ಹಿಂದೆ ‘ಬಿಡು’ ಇದೆ, ಬೀಡುಬಿಟ್ಟರು ಅಂತೀವಲ್ಲ. ಮ್ಯಾನರ್ ಹಿಂದೆ ಲ್ಯಾಟಿನ್ನಿನ ‘ಮನೇರೆ’ ಇದೆ. ಅದರ ಅರ್ಥವೂ ಉಳಿ, ತಂಗು ಅಂತಲೇ. ಇದನ್ನು ನೋಡಿ ನನಗೆ ತುಂಬಾ ಖುಷಿಯಾಯಿತು.

ಒಂದು ತೊಡಕಿದೆ. ಈಗ ‘ಶಿಲ್ಪಕಲೆಯ ಬೀಡು’, ‘ಕವಿಗಳ ಬೀಡು’ ಅಂತ ಬರೆದು ಬರೆದು ಪದ ಸವೆದಿದೆ. ‘ಹ್ಯಾಡನ್ ಬೀಡು’ ಅಂದರೆ ಓದುಗರಿಗೆ ಮನೆ ಕಣ್ಣಮುಂದೆ ಬರುತ್ತದೆಯೇ? ‘ಬೀಡಿನ ಮನೆ’ ಅಂದರೆ ವಾಸಿಯೇ?

ಇಂತಹ ಮನೆಗಳ ವರ್ಷಾವರ್ತಿ ದಿನಗಳಿಗೂ ಪದ ಬೇಕು. ಮಾರ್ಚ್ 25, ಜೂನ್ 24, ಸೆಪ್ಟೆಂಬರ್ 29, ಡಿಸೆಂಬರ್ 25 ಇಂಗ್ಲೆಂಡಿನಲ್ಲಿ ಗೇಣಿ ಸಲ್ಲಿಸುವ, ಲೆಕ್ಕ ಚುಕ್ತಾ ಮಾಡುವ ‘ಕ್ವಾರ್ಟರ್ ಡೇ’ಗಳು. ಇವಕ್ಕೆ ‘ಕಂತಿನ ದಿನ’ ಅಂದುಕೊಂಡಿದ್ದೇನೆ. ಆಗಸ್ಟ್ 1ರ ಲ್ಯಾಮಸ್ ದಿನ ಹೊಸ ಗೋಧಿಯ ಮೊದಲ ರೊಟ್ಟಿಯನ್ನು ಚರ್ಚಿಗೆ ಒಯ್ಯುತ್ತಿದ್ದರು. ಕರಾವಳಿಯವರು ಕದಿರು ಕಟ್ಟಿ ಹೊಸ ಅಕ್ಕಿ ಉಣ್ಣುವ ‘ಹೊಸ್ತು’ ಇದಕ್ಕೆ ಸರಿಹೊಂದುತ್ತದೆ. ‘ಗೋಧಿಯ ಹೊಸ್ತು’ ಅಂತ ಬರೆಯುವ ಆಸೆ.

ಡಿಸೆಂಬರಿನಲ್ಲಿ ಹ್ಯಾಡನ್‌ನ ಹಜಾರಗಳನ್ನು ಹಸಿರು ಸೊಪ್ಪು, ಮೇಣದಬತ್ತಿಗಳಿಂದ ಸಿಂಗರಿಸುತ್ತಾರೆ. ಜನ ಟಿಕೆಟ್ ಕೊಂಡು ನೋಡಲು ಬರುತ್ತಾರೆ. ಇದನ್ನು ಹಬ್ಬ ಅನ್ನಲೇ, ಉತ್ಸವ ಅನ್ನಲೇ? ‘ಕಾರ್ಯಕ್ರಮ’ ಅಂದರೆ ವೇದಿಕೆ, ಮೈಕು ನೆನಪಾಗುತ್ತವೆ. ನಿಮ್ಮೂರಿನ ದೊಡ್ಡಮನೆಗೆ ಏನು ಹೆಸರು, ಅಲ್ಲಿ ವರ್ಷಕ್ಕೊಮ್ಮೆ ನಡೆಯುವುದನ್ನು ಏನೆಂದು ಕರೆಯುತ್ತೀರಿ ಅಂತ ತಿಳಿಸಿ.