ವಿಂಡೋಸ್ ಮತ್ತು ಉಬುಂಟು ಎರಡಕ್ಕೂ ಒಂದೇ ಡಿ ಡ್ರೈವ್: ಕೆಲವು ದಿನ ಬರೆಯಲು ಬರುತ್ತದೆ, ಕೆಲವು ದಿನ ಬರುವುದಿಲ್ಲ

ಪ್ರಶ್ನೆ

ನಮಸ್ಕಾರ. ನನ್ನ ಮನೆಯ ಡೆಸ್ಕ್‌ಟಾಪಿನಲ್ಲಿ 256 ಜಿಬಿಯ ಎಸ್‌ಎಸ್‌ಡಿ ಒಂದು, 1 ಟಿಬಿಯ ಹಾರ್ಡ್ ಡಿಸ್ಕ್ ಒಂದು ಇವೆ. ಎಸ್‌ಎಸ್‌ಡಿಯನ್ನು ಎರಡು ಭಾಗ ಮಾಡಿ ವಿಂಡೋಸ್ 11 ಮತ್ತು ಉಬುಂಟು (ಲಿನಕ್ಸ್‌ನ ಒಂದು ಬಗೆ) ಹಾಕಿಕೊಂಡಿದ್ದೇನೆ. ಹಾರ್ಡ್ ಡಿಸ್ಕ್ (ಅದೇ ಡಿ ಡ್ರೈವ್) ಇಡಿಯಾಗಿ ವಿಂಡೋಸ್‌ನ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್; ಹಳ್ಳಿಗಳಲ್ಲಿ ಧ್ವನಿಮುದ್ರಿಸಿಕೊಂಡ ಸೋಬಾನೆ ಪದ, ಬೀಸುವ ಪದಗಳೆಲ್ಲ ಅದರಲ್ಲಿಯೇ ಇವೆ. ಪದಗಳನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವುದು ವಿಂಡೋಸ್‌ನಲ್ಲಿ, ಆಡಾಸಿಟಿಯಲ್ಲಿ ಧ್ವನಿಯನ್ನು ಶುದ್ಧಗೊಳಿಸುವುದು ಉಬುಂಟುವಿನಲ್ಲಿ.

ತೊಂದರೆ ಏನೆಂದರೆ, ಉಬುಂಟುವಿನಲ್ಲಿ ಈ ಡ್ರೈವ್ ಕೆಲವು ದಿನ ಸರಿಯಾಗಿ ಕೆಲಸ ಮಾಡುತ್ತದೆ, ಕೆಲವು ದಿನ ಫೈಲ್‌ಗಳನ್ನು ತೆರೆಯಲು ಮಾತ್ರ ಬಿಡುತ್ತದೆ. ಉಳಿಸಲು ಹೋದರೆ 'ರೀಡ್ ಓನ್ಲಿ' ಎನ್ನುತ್ತದೆ. ಒಂದು ವಾರ ಗಮನಿಸಿ ಬರೆದಿಟ್ಟುಕೊಂಡೆ. ವಿಂಡೋಸ್‌ನಿಂದ ರೀಸ್ಟಾರ್ಟ್ ಕೊಟ್ಟು ನೇರವಾಗಿ ಉಬುಂಟುವಿಗೆ ಬಂದರೆ ತೊಂದರೆಯಿಲ್ಲ. ರಾತ್ರಿ ವಿಂಡೋಸ್‌ನಲ್ಲಿ ಶಟ್‌ಡೌನ್ ಮಾಡಿ, ಬೆಳಿಗ್ಗೆ ಉಬುಂಟು ತೆರೆದರೆ ಬೀಗ ಬಿದ್ದಿರುತ್ತದೆ. ಪೂರ್ತಿ ಆರಿಸಿದ ಮೇಲೆ ತಾನೇ ಡ್ರೈವ್ ಬಿಡುವಾಗಿರಬೇಕು? ಇಲ್ಲಿ ಉಲ್ಟಾ ಆಗಿದೆ. ಹಾರ್ಡ್ ಡಿಸ್ಕ್ ಕೆಡುತ್ತಿರಬಹುದೇ? ಎನ್‌ಟಿಎಫ್‌ಎಸ್ ಬಿಟ್ಟು ಬೇರೆ ಫಾರ್ಮ್ಯಾಟ್‌ಗೆ ಹೋಗಬೇಕೇ?

ಉತ್ತರ 1

ಡಿಸ್ಕ್ ಕೆಟ್ಟಿಲ್ಲ. ನೀವು ಬರೆದಿಟ್ಟುಕೊಂಡ ಆ ವಾರದ ಲೆಕ್ಕದಲ್ಲಿಯೇ ಉತ್ತರವಿದೆ.

ವಿಂಡೋಸ್ 8ರಿಂದ ಈಚೆಗೆ 'ಫಾಸ್ಟ್ ಸ್ಟಾರ್ಟಪ್' ಎಂಬ ಏರ್ಪಾಡು ಇದೆ. ಅದು ಆನ್ ಆಗಿದ್ದರೆ ಶಟ್‌ಡೌನ್ ಒತ್ತಿದಾಗ ನಿಮ್ಮ ಲಾಗಿನ್ ಮಾತ್ರ ಮುಚ್ಚುತ್ತದೆ. ವಿಂಡೋಸ್‌ನ ಕರ್ನಲ್ (ವ್ಯವಸ್ಥೆಯ ತಿರುಳು) ಮತ್ತು ಡ್ರೈವರ್‌ಗಳು ತಾವಿದ್ದ ಸ್ಥಿತಿಯನ್ನು ಹಾಗೆಯೇ ಸಿ ಡ್ರೈವಿನ ಒಂದು ಫೈಲಿಗೆ ಬರೆದಿಟ್ಟು ಮಲಗುತ್ತವೆ. ಮರುದಿನ ಬೇಗ ಎದ್ದೇಳುವುದಕ್ಕೆ ಈ ಉಪಾಯ. ಆದರೆ ಮಲಗುವ ಹೊತ್ತಿನಲ್ಲಿ ಡಿ ಡ್ರೈವ್ ವಿಂಡೋಸ್‌ನ ಕೈಯಲ್ಲಿಯೇ ತೆರೆದುಕೊಂಡಿರುತ್ತದೆ, ಯಾವ ಫೈಲ್ ಎಲ್ಲಿದೆ ಎಂಬ ಲೆಕ್ಕವೂ ಆ ಬರೆದಿಟ್ಟ ಸ್ಥಿತಿಯೊಳಗೆ ಸೇರಿರುತ್ತದೆ. ರೀಸ್ಟಾರ್ಟ್ ಕೊಟ್ಟಾಗ ಹೀಗೆ ಮಾಡದೆ ಎಲ್ಲವನ್ನೂ ಮುಚ್ಚಿಯೇ ಏಳುತ್ತದೆ. ಆದ್ದರಿಂದಲೇ ನಿಮಗೆ ಉಲ್ಟಾ ಕಂಡದ್ದು.

ಡ್ರೈವ್ ಹೀಗೆ ತೆರೆದೇ ಉಳಿದಿದೆ ಎಂಬ ಗುರುತನ್ನು ನೋಡಿ ಉಬುಂಟು ಹಿಂಜರಿಯುತ್ತದೆ. ಇಂತಹ ಡ್ರೈವನ್ನು ತೆರೆಯುವ ಹಳೆಯ ಡ್ರೈವರ್ ಎನ್‌ಟಿಎಫ್‌ಎಸ್-3ಜಿ ಓದಲಿಕ್ಕಷ್ಟೇ ತೆರೆದುಕೊಡುತ್ತದೆ. 2021ರಲ್ಲಿ ಲಿನಕ್ಸ್ ಕರ್ನಲ್ 5.15ರೊಂದಿಗೆ ಬಂದ ಹೊಸ ಡ್ರೈವರ್ ಎನ್‌ಟಿಎಫ್‌ಎಸ್3 ಮೌಂಟ್ ಮಾಡಲು, ಅಂದರೆ ಡ್ರೈವನ್ನು ಜೋಡಿಸಿಕೊಳ್ಳಲು, ನಿರಾಕರಿಸುವುದೂ ಉಂಟು. ಅದು ನಿಮ್ಮ ಪದಗಳನ್ನು ಕಾಯುತ್ತಿದೆ ಎಂದೇ ತಿಳಿಯಿರಿ.

ಪರಿಹಾರಕ್ಕೆ ವಿಂಡೋಸ್‌ನಲ್ಲಿ ಕಂಟ್ರೋಲ್ ಪ್ಯಾನಲ್, ಪವರ್ ಆಪ್ಷನ್ಸ್, ಅಲ್ಲಿ ಎಡಗಡೆ 'ಚೂಸ್ ವಾಟ್ ದ ಪವರ್ ಬಟನ್ಸ್ ಡು' ಎಂಬಲ್ಲಿಗೆ ಹೋಗಿ. ಬೇಕಾದ ಚೌಕ ಮಸುಕಾಗಿ ಕಂಡರೆ ಮೇಲಿರುವ 'ಚೇಂಜ್ ಸೆಟ್ಟಿಂಗ್ಸ್' ಸಾಲನ್ನು ಒತ್ತಿ, ಆಮೇಲೆ 'ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್' ಮುಂದಿನ ಟಿಕ್ ತೆಗೆದು ಉಳಿಸಿ. ಅದರ ನಂತರ ಒಮ್ಮೆ ಶಟ್‌ಡೌನ್ ಮಾಡಿ ಉಬುಂಟು ತೆರೆಯಿರಿ. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಆದಾಗಲೆಲ್ಲ ಆ ಟಿಕ್ ಮರಳಿ ಬಂದಿಲ್ಲವೆಂದು ನೋಡಿಕೊಳ್ಳಿ. ಎರಡೂ ಕಡೆ ಹೈಬರ್ನೇಟ್ (ಇದ್ದ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಆರಿಸುವುದು) ಬಳಸಬೇಡಿ. ಉಬುಂಟುವನ್ನು ಹೈಬರ್ನೇಟ್ ಮಾಡಿ ವಿಂಡೋಸ್‌ಗೆ ಹೋದರೂ ಅಪಾಯ ಇದೇ.

ಉತ್ತರ 2

ಇಷ್ಟೆಲ್ಲ ಯಾಕೆ? ಡ್ರೈವನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ ಎರಡು ಕಡೆಯೂ ತೆರೆಯುತ್ತದೆ, 4 ಜಿಬಿಗಿಂತ ದೊಡ್ಡ ಫೈಲಿಗೂ ಫ್ಯಾಟ್32ರಲ್ಲಿದ್ದ ಅಡ್ಡಿಯಿಲ್ಲ. ತುರ್ತಾಗಿ ಬರೆಯಬೇಕಾದರೆ ಉಬುಂಟುವಿನಲ್ಲಿ ಎನ್‌ಟಿಎಫ್‌ಎಸ್‌ಫಿಕ್ಸ್ ಎಂಬ ಆಜ್ಞೆ ಓಡಿಸಿ, ಬೀಗ ತೆಗೆದುಕೊಳ್ಳುತ್ತದೆ.

ಉತ್ತರ 3

ಉತ್ತರ 2ರ ಎರಡು ಸಲಹೆಗಳಿಗೂ ನನ್ನ ಆಕ್ಷೇಪವಿದೆ, ಎರಡನೆಯದಕ್ಕಂತೂ ಸ್ವಂತ ಅನುಭವದಿಂದ. ಮಲಗಿದ್ದ ವಿಂಡೋಸ್‌ನ ಡ್ರೈವಿನ ಮೇಲೆ ನಾನು ಒಮ್ಮೆ ಎನ್‌ಟಿಎಫ್‌ಎಸ್‌ಫಿಕ್ಸ್ ಓಡಿಸಿ, ಮದುವೆಯ ಫೋಟೋಗಳ ಒಂದು ಫೋಲ್ಡರನ್ನು ನಕಲು ಮಾಡಿದೆ. ಮರುದಿನ ಎದ್ದ ವಿಂಡೋಸ್ ತನ್ನ ಹಳೆಯ ಲೆಕ್ಕವನ್ನೇ ನಂಬಿ ಅದರ ಮೇಲೆ ಬರೆಯಿತು. ಆಮೇಲೆ ಡಿಸ್ಕ್ ತಪಾಸಣೆ ಮಾಡುವ ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿ, 'ಫೌಂಡ್.000' ಎಂಬ ಫೋಲ್ಡರಿನಲ್ಲಿ ಹೆಸರಿಲ್ಲದ ಸಿಎಚ್‌ಕೆ ಫೈಲ್‌ಗಳು ಉಳಿದವು. ಯಾವುದು ಧಾರೆಯ ಚಿತ್ರ, ಯಾವುದು ಊಟದ ಪಂಕ್ತಿಯ ಚಿತ್ರ ಎಂದು ಒಂದೊಂದಾಗಿ ತೆರೆದು ನೋಡಬೇಕಾಯಿತು. ಎನ್‌ಟಿಎಫ್‌ಎಸ್‌ಫಿಕ್ಸ್ ಮಾಡುವುದು ಚಿಕ್ಕಪುಟ್ಟ ದೋಷಗಳ ರಿಪೇರಿ ಮತ್ತು ಗುರುತು ಅಳಿಸುವ ಕೆಲಸವಷ್ಟೇ. ಅದು ಚೆಕ್‌ಡಿಸ್ಕ್‌ಗೆ ಬದಲಿಯಲ್ಲ.

ಎಕ್ಸ್‌ಫ್ಯಾಟ್ ಪೆನ್‌ಡ್ರೈವಿಗೆ, ಕ್ಯಾಮೆರಾದ ಕಾರ್ಡಿಗೆ ತಕ್ಕದ್ದು. 2020ರ ಕರ್ನಲ್ 5.7ರಿಂದ ಲಿನಕ್ಸ್‌ನಲ್ಲಿ ಅದಕ್ಕೆ ಒಳ್ಳೆಯ ಡ್ರೈವರ್ ಕೂಡ ಇದೆ. ಆದರೆ ಅದಕ್ಕೆ ಜರ್ನಲ್ ಇಲ್ಲ, ಅಂದರೆ ಬರೆಯುವ ನಡುವೆ ಕರೆಂಟು ಹೋದರೆ ಎಲ್ಲಿಗೆ ನಿಂತಿತ್ತು ಎಂದು ಹೇಳುವ ದಿನಚರಿ ಪುಸ್ತಕವಿಲ್ಲ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ, ಮತ್ತೆ ಹಾಡಿಸಿಕೊಳ್ಳಲಾಗದ ಪದಗಳನ್ನು ನಾನು ಅದರಲ್ಲಿ ಇಡಲಾರೆ. ಲಿನಕ್ಸ್‌ನ ಎಕ್ಸ್‌ಟಿ4 ಫಾರ್ಮ್ಯಾಟ್ ಕೂಡ ಬೇಡ, ವಿಂಡೋಸ್ ಅದನ್ನು ತಾನಾಗಿ ಓದುವುದಿಲ್ಲ. ಎನ್‌ಟಿಎಫ್‌ಎಸ್‌ನಲ್ಲಿಯೇ ಇರಿ.

ಫೈಲ್‌ಗಳ ಹೆಸರಿನ ಬಗ್ಗೆ ಮಾತ್ರ ಈಗಲೇ ಎಚ್ಚರ ವಹಿಸಿ. ಉಬುಂಟುವಿನಲ್ಲಿ ಎಫ್‌ಎಸ್‌ಟ್ಯಾಬ್ (ಜೋಡಿಸಬೇಕಾದ ಡ್ರೈವ್‌ಗಳ ಪಟ್ಟಿಯ ಫೈಲ್) ಮೂಲಕ ಡ್ರೈವ್ ಜೋಡಿಸಿದ್ದರೆ 'ಸೋಬಾನೆ 10:30' ಎಂಬ ಹೆಸರನ್ನು ಅದು ಒಪ್ಪಬಹುದು, ಆದರೆ ಆ ಕೋಲನ್ ಚಿಹ್ನೆಯ ದೆಸೆಯಿಂದ ವಿಂಡೋಸ್‌ನಲ್ಲಿ ಆ ಫೈಲ್ ಕಣ್ಣಿಗೆ ಕಂಡರೂ ತೆರೆಯುವುದಿಲ್ಲ. ಪ್ರಶ್ನೆಯ ಗುರುತು, ನಕ್ಷತ್ರ, ಜೋಡಿ ಉದ್ಧರಣ ಚಿಹ್ನೆಗಳಿಗೂ ಇದೇ ಗತಿ. ಮೌಂಟ್ ಆಯ್ಕೆಗಳಲ್ಲಿ 'ವಿಂಡೋಸ್_ನೇಮ್ಸ್' ಎಂದು ಸೇರಿಸಿದರೆ ಉಬುಂಟುವೇ ಇಂತಹ ಹೆಸರನ್ನು ತಡೆಯುತ್ತದೆ.

ಇನ್ನೊಂದು ತೊಡಕು ಕನ್ನಡದವರಿಗೇ ಹೆಚ್ಚು. ಎನ್‌ಟಿಎಫ್‌ಎಸ್‌ನಲ್ಲಿ ಹೆಸರಿನ ಉದ್ದದ ಮಿತಿ 255 ಯುಟಿಎಫ್-16 ಘಟಕಗಳು (ಯುಟಿಎಫ್ ಎಂದರೆ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಅಂಕಿಗಳಾಗಿ ಬರೆದಿಡುವ ಕ್ರಮ). ಉಬುಂಟುವಿನ ಎಕ್ಸ್‌ಟಿ4ರಲ್ಲಿ 255 ಬೈಟ್‌ಗಳು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ 3 ಬೈಟ್ ತಿನ್ನುವುದರಿಂದ ಅಲ್ಲಿ ಹಿಡಿಸುವುದು 85 ಸಂಕೇತಗಳು ಮಾತ್ರ. 'ಸ್ತ್ರೀ' ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ, ಕಂಪ್ಯೂಟರಿಗೆ ಆರು ಸಂಕೇತ, ಹದಿನೆಂಟು ಬೈಟ್. ಊರು, ಹಾಡಿದವರು, ಪದದ ಮೊದಲ ಸಾಲು ಎಲ್ಲವನ್ನೂ ಹೆಸರಿನಲ್ಲೇ ತುಂಬಿದ್ದರೆ ಡಿ ಡ್ರೈವಿನಲ್ಲಿ ಸುಖವಾಗಿರುವ ಫೈಲ್ ಉಬುಂಟುವಿನ ಹೋಮ್ ಫೋಲ್ಡರಿಗೆ ನಕಲಾಗದೆ 'ಹೆಸರು ಉದ್ದವಾಯಿತು' ಎಂದು ನಿಲ್ಲುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಟಿಕ್ ತೆಗೆದು ನಾಲ್ಕು ದಿನಗಳಾದವು, ಪ್ರತಿ ಬೆಳಿಗ್ಗೆಯೂ ಡ್ರೈವ್ ಬರೆಯಲು ಸಿಕ್ಕಿದೆ. ವಿಂಡೋಸ್ ಏಳುವುದು ತುಸು ತಡ, ಅದು ನನಗೆ ಭಾರವಲ್ಲ. ಕೋಲನ್ ಇರುವ ಹದಿನೇಳು ಫೈಲ್‌ಗಳು ಸಿಕ್ಕವು; ಉಬುಂಟುವಿನಲ್ಲಿಯೇ ಹೆಸರು ಬದಲಿಸಿದೆ. ಇವು ಹಾಳಾಗಿವೆ ಎಂದುಕೊಂಡು ಎರಡನ್ನು ಹಿಂದೆಯೇ ಮತ್ತೆ ಧ್ವನಿಮುದ್ರಿಸಲು ಹೋಗಿದ್ದೆ ಎಂಬುದನ್ನು ನೆನೆದರೆ ನಗು ಬರುತ್ತದೆ.

ಎರಡು ಸಣ್ಣ ಸಂಶಯಗಳು. ಉಬುಂಟು ಬಳಸಿ ಬಂದ ಮೇಲೆ ವಿಂಡೋಸ್‌ನ ಗಡಿಯಾರ ಐದೂವರೆ ಗಂಟೆ ಹಿಂದೆ ಇರುತ್ತದೆ. ಜೊತೆಗೆ ಡಿ ಡ್ರೈವಿನಲ್ಲಿ '.ಟ್ರ್ಯಾಶ್-1000' ಎಂಬ, ನಾನು ಮಾಡದ ಫೋಲ್ಡರ್ ಒಂದು ಕಾಣುತ್ತಿದೆ, ಅದರ ತೂಕ 38 ಜಿಬಿ.

ಉತ್ತರ 1

ಮದರ್‌ಬೋರ್ಡಿನ ಗಡಿಯಾರದಲ್ಲಿ ಉಬುಂಟು ಯುಟಿಸಿ (ಜಾಗತಿಕ ಪ್ರಮಾಣ) ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ. ನಮ್ಮ ಸಮಯ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ ಇರುವುದರಿಂದ ಆ ವ್ಯತ್ಯಾಸ. ಉಬುಂಟುವಿನ ಟೈಮ್‌ಡೇಟ್‌ಸಿಟಿಎಲ್ ಆಜ್ಞೆಯಲ್ಲಿ 'ಸೆಟ್-ಲೋಕಲ್-ಆರ್‌ಟಿಸಿ' ಆಯ್ಕೆಗೆ 1 ಕೊಟ್ಟರೆ ಎರಡೂ ಒಂದೇ ರೀತಿ ಓದುತ್ತವೆ. ಅಸಡ್ಡೆ ಮಾಡಬೇಡಿ: ಯಾವ ಪ್ರತಿ ಹೊಸದು ಎಂದು ಫೈಲಿನ ಸಮಯ ನೋಡಿ ತೀರ್ಮಾನಿಸುವ ಬ್ಯಾಕಪ್ ತಂತ್ರಾಂಶವಿದ್ದರೆ ಅದು ದಾರಿ ತಪ್ಪುತ್ತದೆ.

ಆ ಫೋಲ್ಡರ್ ಉಬುಂಟುವಿನ ಕಸದ ಬುಟ್ಟಿ. ಹೆಸರು ಚುಕ್ಕಿಯಿಂದ ಆರಂಭವಾಗುವುದರಿಂದ ಉಬುಂಟುವಿನಲ್ಲಿ ಮರೆಯಾಗಿರುತ್ತದೆ, ವಿಂಡೋಸ್‌ನಲ್ಲಿ ಸಾಮಾನ್ಯ ಫೋಲ್ಡರಿನಂತೆ ಕಾಣುತ್ತದೆ. ವಿಂಡೋಸ್‌ನ ರೀಸೈಕಲ್ ಬಿನ್ ಖಾಲಿ ಮಾಡಿದರೆ ಅದು ಖಾಲಿಯಾಗುವುದಿಲ್ಲ. ಉಬುಂಟುವಿಗೆ ಹೋಗಿ, ಒಳಗೆ ಬೇಕಾದ ಪದ ಯಾವುದೂ ಬಿದ್ದಿಲ್ಲವೆಂದು ಒಮ್ಮೆ ಕೇಳಿ ನೋಡಿ, ಅಲ್ಲಿಂದಲೇ ಖಾಲಿ ಮಾಡಿ.